ಒಂದು ಕಿವಿ, ಮೂವತ್ತು ಬಾಯಿ

ತರಗತಿಯೆಲ್ಲ ಒಟ್ಟಾಗಿ ಗಟ್ಟಿಯಾಗಿ ಓದುವಾಗ, ಯಾರಿಗೆ ಓದಲು ಬರುವುದಿಲ್ಲ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಟೀಚರು ಒಂದು ಸಾಲು ಹೇಳುತ್ತಾರೆ, ಮೂವತ್ತು ಮಕ್ಕಳು ಅದನ್ನೇ ರಾಗ ಎಳೆದು ಹೇಳುತ್ತಾರೆ. ಮುಂದೆ ಕೂತ ನಾಲ್ಕೈದು ಮಂದಿ ನಿಜಕ್ಕೂ ಅಕ್ಷರ ನೋಡಿ ಓದುತ್ತಿರಬಹುದು. ಉಳಿದವರು ಅವರ ದನಿ ಹಿಡಿದು, ಕೂದಲೆಳೆಯಷ್ಟು ತಡವಾಗಿ, ಅದೇ ಪದ ಹೊರಡಿಸುತ್ತಾರೆ. ಇದು ಮೋಸವಲ್ಲ. ಮಗುವಿನ ಮಿದುಳು ಕಣ್ಣಿಗಿಂತ ಮೊದಲು ಕಿವಿಯಿಂದ ಭಾಷೆ ಕಲಿತದ್ದು. ಸುಲಭದ ದಾರಿ ತೆರೆದಿರುವಾಗ ಅದು ಕಷ್ಟದ ದಾರಿ ಹಿಡಿಯುವುದಿಲ್ಲ. ಹದಿನೈದು ದಿನ ಹೀಗೆ ನಡೆದರೆ ಪಾಠ ಪೂರ್ತಿ ಬಾಯಿಪಾಠವಾಗಿರುತ್ತದೆ. ಆಗ ಪುಟದ ನಡುವಿನ ಯಾವುದೋ ಒಂದು ಪದದ ಮೇಲೆ ಬೆರಳಿಟ್ಟು ‘ಇದೇನು?’ ಎಂದು ಕೇಳಿ ನೋಡಿ. ಹಲವು ಮಕ್ಕಳು ಪಾಠದ ಮೊದಲ ಸಾಲಿನಿಂದ ಮನಸ್ಸಿನಲ್ಲೇ ಹೇಳಿಕೊಂಡು ಬಂದು ಆ ಪದದ ಹತ್ತಿರ ನಿಲ್ಲಲು ಹೆಣಗುತ್ತಾರೆ.

ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸಬಹುದಲ್ಲ ಎನ್ನಬಹುದು. ನಲವತ್ತು ನಿಮಿಷದ ಪೀರಿಯಡ್ಡು, ಮೂವತ್ತು ಮಕ್ಕಳು. ಹಾಜರಿ, ಗಲಾಟೆ, ‘ಮಿಸ್, ನೀರು ಕುಡ್ಕೊಂಡ್ ಬರ್ಲಾ’ ಯಾವುದೂ ಇಲ್ಲದೆ ಲೆಕ್ಕ ಹಾಕಿದರೂ ಒಬ್ಬರಿಗೆ ಸಿಗುವುದು 80 ಸೆಕೆಂಡು. ಒಂದು ಮಗು ಓದುವ ಆ 80 ಸೆಕೆಂಡಿನಲ್ಲಿ ಇಪ್ಪತ್ತೊಂಬತ್ತು ಮಕ್ಕಳು ಸುಮ್ಮನೆ ಕೂತಿರಬೇಕು. ಈ ಇಕ್ಕಟ್ಟಿನಿಂದ ಹೊರಬರಲು ಜಗತ್ತಿನ ಬೇರೆ ಬೇರೆ ಕಡೆ ಪ್ರಾಥಮಿಕ ಶಾಲೆಯವರು ಹೂಡಿದ ಉಪಾಯವೇ ಚಿಕ್ಕ ಗುಂಪು ಮತ್ತು ಕಲಿಕೆಯ ಮೂಲೆಗಳು. ಐದಾರು ಮಕ್ಕಳು ಟೀಚರ ಎದುರು ಕೂತು ಓದುತ್ತಾರೆ. ಉಳಿದವರು ಕೋಣೆಯ ಬೇರೆ ಬೇರೆ ಕಡೆ ಪದ ಜೋಡಿಸುತ್ತ, ಬರೆಯುತ್ತ, ಕಥೆಪುಸ್ತಕ ನೋಡುತ್ತ ತಮ್ಮ ಪಾಡಿಗೆ ತಾವು ಕಲಿಯುತ್ತಾರೆ. ಹೊತ್ತಾದ ಮೇಲೆ ಜಾಗ ಬದಲು.

ಕೇಳಲು ಇದು ಕೋಣೆಯ ಏರ್ಪಾಟಿನ ವಿಷಯದಂತೆ ಕಾಣುತ್ತದೆ. ನನ್ನ ಪ್ರಕಾರ ಇದು ಕಿವಿಯ ವಿಷಯ. ಚಿಕ್ಕ ಗುಂಪಿನಿಂದ ಏನಾದರೂ ಲಾಭ ಆಗುವುದಿದ್ದರೆ ಅದು ಒಂದು ಮಗುವಿನ ಓದು ತಿಳಿದ ಒಬ್ಬರ ಕಿವಿಗೆ ಬಿಡಿಯಾಗಿ ಬೀಳುವುದರಿಂದ ಆಗುತ್ತದೆ. ಚಾಪೆ, ಕಾರ್ಡು, ಬಣ್ಣದ ಡಬ್ಬ ಎಲ್ಲ ಅದಕ್ಕೆ ಬಿಡುವು ಮಾಡಿಕೊಡುವ ಸಾಮಾನು ಮಾತ್ರ.

ಕನ್ನಡದ ಮಟ್ಟಿಗೆ ಈ ಕಿವಿಯ ಅಗತ್ಯ ತುಸು ಹೆಚ್ಚೇ. ಇಂಗ್ಲಿಷಿನ ಮಗು 26 ಅಕ್ಷರ ಕಲಿತು ಮುಗಿಸಿ, ಆಮೇಲೆ ಕಾಗುಣಿತದ ಹುಚ್ಚಾಟದಲ್ಲಿ ವರ್ಷಗಟ್ಟಲೆ ನರಳುತ್ತದೆ. ನಮ್ಮದು ತಿರುಗಾಮುರುಗಾ. ಬರೆದಂತೆ ಓದುವುದೇನೋ ಸರಿ, ಆದರೆ ಗುರುತು ಹಿಡಿಯಬೇಕಾದ ಆಕಾರಗಳು ರಾಶಿ. 34 ವ್ಯಂಜನಗಳು 13 ಸ್ವರಗಳ ಜತೆ ಸೇರಿದರೆ 442 ರೂಪಗಳಾಗುತ್ತವೆ. ಒತ್ತಕ್ಷರಗಳ ಲೆಕ್ಕ ಬೇರೆ. ಕನ್ನಡ ಮಕ್ಕಳ ಓದಿನ ಬಗ್ಗೆ ಬೆಂಗಳೂರಿನಲ್ಲಿದ್ದು ಸಂಶೋಧನೆ ನಡೆಸಿದ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಅಕ್ಷರ ಕಲಿಕೆ ಒಂದನೇ ತರಗತಿಯಲ್ಲಿ ಮುಗಿಯುವ ಕೆಲಸವಲ್ಲ, ಅದು ಮೂರು ನಾಲ್ಕನೇ ತರಗತಿಯವರೆಗೂ ಎಳೆಯುತ್ತದೆ. ಪದದೊಳಗಿನ ಬಿಡಿ ದನಿಗಳನ್ನು ಗುರುತಿಸುವ ಶಕ್ತಿಯೂ ನಿಧಾನವಾಗಿಯೇ ಬರುತ್ತದೆ. ಹಾದಿ ಉದ್ದವಾದಷ್ಟೂ ನಡೆಯುವವರ ನಡುವಿನ ಅಂತರ ಹೆಚ್ಚುತ್ತದೆ. ಎರಡನೇ ತರಗತಿಯ ಒಂದೇ ಕೋಣೆಯಲ್ಲಿ ‘ಸರ’ ಓದಲು ತಡವರಿಸುವವಳೂ ‘ರಾಷ್ಟ್ರಪತಿ’ ಓದುವವಳೂ ಅಕ್ಕಪಕ್ಕ ಕೂತಿರುತ್ತಾರೆ. ಎಲ್ಲರಿಗೂ ಸೇರಿಸಿ ಹೇಳಿದ ಪಾಠ ಇಬ್ಬರಿಗೂ ನಾಟುವುದಿಲ್ಲ.

ಬಿಡಿಯಾಗಿ ಕೇಳಿದರೆ ಏನು ಸಿಗುತ್ತದೆ? ಕಾರ್ಡಿನ ಮೇಲೆ ‘ಹಾವು’ ಎಂದು ಬರೆದಿದೆ, ಪಕ್ಕದಲ್ಲಿ ಚಿತ್ರ. ಒಬ್ಬ ಹುಡುಗ ‘ಹಾಮ’ ಎನ್ನುತ್ತಾನೆ. ಅವನ ಕಣ್ಣು ತಪ್ಪಿಲ್ಲ. ‘ವ’ಕ್ಕೆ ಮಾಮೂಲಿನಂತೆ ಕೊಂಬು ಕೊಟ್ಟರೆ ಅದು ‘ಮ’ದಂತೆಯೇ ಕಾಣುತ್ತದೆ. ಅದಕ್ಕೇ ‘ವು’ ಬರೆಯುವಾಗ ಕೊಂಬನ್ನು ಕೆಳಕ್ಕೆ ಇಳಿಸುತ್ತೇವೆ. ಆ ಇಳಿತವನ್ನು ಅವನಿಗೆ ಯಾರೂ ತೋರಿಸಿಲ್ಲ, ಅಷ್ಟೆ. ಎರಡನೆಯವಳು ‘ಆವು’ ಎನ್ನುತ್ತಾಳೆ. ಹಳೆ ಮೈಸೂರಿನ ಕಡೆ ಮನೆಯಲ್ಲಿ ಹಾಲು ‘ಆಲು’, ಹಸು ‘ಅಸು’. ಅವಳು ಸರಿಯಾಗಿ ಓದಿ, ತನ್ನ ಮನೆಯ ಬಾಯಲ್ಲಿ ಹೇಳಿದಳು. ಅದನ್ನು ಓದಿನ ತಪ್ಪು ಎಂದು ಗುರುತು ಹಾಕಿಕೊಳ್ಳುವ ಟೀಚರೇ ತಪ್ಪು ಮಾಡುತ್ತಿದ್ದಾರೆ. ಮೂರನೆಯವನು ಥಟ್ಟನೆ ‘ಹಾವು!’ ಎಂದ. ಭೇಷ್ ಎನ್ನುವ ಮೊದಲು ಚಿತ್ರವನ್ನು ಕೈಯಲ್ಲಿ ಮುಚ್ಚಿ, ‘ಹೂವು’ ಎಂದು ಬರೆದ ಕಾರ್ಡು ಇಡಿ. ‘ಹಾವು’ ಎಂದೇ ಹೇಳಿದರೆ ಅವನು ಇಷ್ಟು ಹೊತ್ತು ಚಿತ್ರ ಓದುತ್ತಿದ್ದ ಎಂದರ್ಥ. ಮೂರು ಮಕ್ಕಳು, ಇಬ್ಬರಿಗೆ ಬೇರೆ ಬೇರೆ ಮದ್ದು, ಒಬ್ಬಳಿಗಂತೂ ಮದ್ದೇ ಬೇಡ. ಮೂವತ್ತು ಬಾಯಿ ಒಟ್ಟಾಗಿ ‘ಹಾವು’ ಎಂದಾಗ ಇದ್ಯಾವುದೂ ಕೇಳಿಸುವುದಿಲ್ಲ. ‘ಸೂರ್ಯ’ವನ್ನು ‘ಸೂಯರ’ ಎಂದು ಓದುವ ಮಗುವಿನದೂ ಇಂಥದೇ ಕಥೆ. ನಾಲಿಗೆಯ ಮೇಲೆ ಮೊದಲು ಬರುವ ‘ರ’ವನ್ನು ಬರಹದಲ್ಲಿ ಹಿಂದಕ್ಕೆ ತಳ್ಳಿದ ಅರ್ಕಾವತ್ತು ಅದನ್ನು ದಾರಿ ತಪ್ಪಿಸಿದೆ. ಬೆರಳಿಟ್ಟು ತೋರಿಸಿದರೆ ಎರಡು ನಿಮಿಷದ ಕೆಲಸ.

ಇನ್ನೊಂದು ಲಾಭ, ಕಾಯುವ ವ್ಯವಧಾನ. ಅಮೆರಿಕದ ಮೇರಿ ಬಡ್ ರೋವ್ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಿಕೆ ಕೇಳಿ ಅಳೆದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುವುದು ಸುಮಾರು ಒಂದೇ ಸೆಕೆಂಡು ಎಂಬುದು ಗೊತ್ತಾಯಿತು. ಅದನ್ನು ಮೂರು ಸೆಕೆಂಡಿಗೆ ಏರಿಸಿದ್ದೇ ತಡ, ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರೂ ಬಾಯಿಬಿಟ್ಟರು. ಮೂವತ್ತು ಮಕ್ಕಳ ಎದುರು ಮೂರು ಸೆಕೆಂಡು ಮೌನವಾಗಿ ನಿಲ್ಲುವುದು ಎಷ್ಟು ಕಷ್ಟ ಎಂಬುದು ನಿಂತವರಿಗೇ ಗೊತ್ತು. ಆರು ಮಕ್ಕಳ ಎದುರು ಅದು ಸಲೀಸು.

ಒಬ್ಬರಿಗೊಬ್ಬರು ಕೂತು ಕಲಿಸಿದರೆ ಇನ್ನೂ ಒಳ್ಳೆಯದಲ್ಲವೆ? ಹೌದು. 1984ರಲ್ಲಿ ಬೆಂಜಮಿನ್ ಬ್ಲೂಮ್ ಎಂಬ ಶಿಕ್ಷಣ ವಿಜ್ಞಾನಿ, ಒಬ್ಬರೇ ಬೋಧಕರಿಂದ ಪಾಠ ಹೇಳಿಸಿಕೊಂಡ ಸಾಧಾರಣ ಮಗು ಮಾಮೂಲಿ ತರಗತಿಯ ನೂರರಲ್ಲಿ 98 ಮಕ್ಕಳನ್ನು ಹಿಂದೆ ಹಾಕುತ್ತದೆ ಎಂದು ಬರೆದು ಗದ್ದಲ ಎಬ್ಬಿಸಿದ. ಆಮೇಲಿನ ಅಧ್ಯಯನಗಳಲ್ಲಿ ಲಾಭ ಅಷ್ಟು ದೊಡ್ಡದಾಗಿ ಕಂಡಿಲ್ಲ, ಆದರೂ ಸಣ್ಣದೇನಲ್ಲ. ಮಗುವಿಗೊಬ್ಬ ಮೇಷ್ಟ್ರನ್ನು ಯಾವ ಸರ್ಕಾರವೂ ಕೊಡಲಾರದು ಎಂಬುದು ಬ್ಲೂಮನಿಗೂ ಗೊತ್ತಿತ್ತು. ಹಾಗಾದರೆ ಗುಂಪಿನಲ್ಲಿ ಅದರ ಹತ್ತಿರ ಹೋಗುವುದು ಹೇಗೆ ಎಂಬುದೇ ಅವನು ಮುಂದಿಟ್ಟ ಸಮಸ್ಯೆ.

ಆ ಸಮಸ್ಯೆಗೆ ನಮ್ಮ ಊರುಗಳಲ್ಲಿ ಒಂದು ಹಳೆಯ ಉತ್ತರವಿತ್ತು. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ.ಡಿ. ಕ್ಯಾಂಬೆಲ್ ತನ್ನ ಜಿಲ್ಲೆಯ ಶಾಲೆಗಳ ಬಗ್ಗೆ ಮದ್ರಾಸಿಗೆ ಒಂದು ವರದಿ ಕಳಿಸಿದ. ಜಿಲ್ಲೆಯಲ್ಲಿ 533 ಶಾಲೆಗಳು, 6,641 ಮಕ್ಕಳು. ಕನ್ನಡ ಶಾಲೆಗಳೂ ತೆಲುಗು ಶಾಲೆಗಳೂ ಹೆಚ್ಚುಕಡಿಮೆ ಸಮಸಮ. ಲೆಕ್ಕ ಹಾಕಿದರೆ ಶಾಲೆಗೆ ಹನ್ನೆರಡು ಹದಿಮೂರು ಮಕ್ಕಳು. ಬೆಳಿಗ್ಗೆ ಆರಕ್ಕೆ ಶಾಲೆ ಶುರು. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಒಂದು ಸೊನ್ನೆ, ಹೊಗಳಿಕೆಯೂ ಇಲ್ಲ ಬೈಗುಳವೂ ಇಲ್ಲ. ಮೂರನೆಯವನಿಗೆ ಮೆತ್ತಗೆ ಒಂದು ಬೆತ್ತದೇಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುವುದು. (ಕೊನೆಯವನ ಗತಿ ಓದುಗರೇ ಊಹಿಸಿಕೊಳ್ಳಲಿ.) ನಮಗೆ ಬೇಕಾದದ್ದು ಮುಂದಿನ ಭಾಗ. ಮಕ್ಕಳನ್ನು ಹಲವು ಗುಂಪು ಮಾಡಿ, ಕೆಳಗಿನ ಗುಂಪುಗಳನ್ನು ಮುಂದುವರಿದ ಹುಡುಗರ ಸುಪರ್ದಿಗೆ ಬಿಡುತ್ತಿದ್ದರು. ಮೇಲಿನ ಗುಂಪುಗಳನ್ನು ಮೇಷ್ಟ್ರಾದ ಅಯ್ಯನವರು ತಾವೇ ನೋಡಿಕೊಳ್ಳುತ್ತ, ಇಡೀ ಶಾಲೆಯ ಮೇಲೂ ಒಂದು ಕಣ್ಣಿಟ್ಟಿರುತ್ತಿದ್ದರು. ಮರಳಿನ ಮೇಲೆ ಬೆರಳಿನಲ್ಲಿ ತಿದ್ದುವುದು, ತಾನು ಕಲಿತದ್ದನ್ನು ಕಿರಿಯನಿಗೆ ಹೇಳಿಕೊಡುತ್ತಲೇ ಗಟ್ಟಿ ಮಾಡಿಕೊಳ್ಳುವುದು, ಇವೆರಡನ್ನೂ ಕ್ಯಾಂಬೆಲ್ ಮನಸಾರೆ ಮೆಚ್ಚಿದ. ಇಂಗ್ಲೆಂಡು ಇದನ್ನು ಅನುಕರಿಸಿದ್ದು ಸರಿಯಾಗೇ ಇದೆ ಎಂದೂ ಬರೆದ.

ಇಂಗ್ಲೆಂಡು ಅನುಕರಿಸಿದ್ದು ಹೌದು. 1789ರಲ್ಲಿ ಮದ್ರಾಸಿನ ಅನಾಥ ಬಾಲಕರ ಆಶ್ರಮದ ಹೊಣೆ ಹೊತ್ತ ಪಾದ್ರಿ ಆಂಡ್ರ್ಯೂ ಬೆಲ್, ಊರ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಅದನ್ನು ತನ್ನಲ್ಲೂ ತರಲು ಹೊರಟ. ಅವನ ಕೈಕೆಳಗಿನ ಮೇಷ್ಟ್ರುಗಳು ಆಗದು ಎಂದರು. ಅವರನ್ನು ಬಿಟ್ಟು ಎಂಟು ವರ್ಷದ ಒಬ್ಬ ಹುಡುಗನಿಗೆ ಅಕ್ಷರದ ತರಗತಿ ವಹಿಸಿದ, ಹುಡುಗ ನಡೆಸಿಬಿಟ್ಟ. ಊರಿಗೆ ಮರಳಿ 1797ರಲ್ಲಿ ಬೆಲ್ ಪುಸ್ತಕ ಬರೆದ. ಅವನೂ ಅವನ ಪ್ರತಿಸ್ಪರ್ಧಿ ಜೋಸೆಫ್ ಲ್ಯಾಂಕಾಸ್ಟರನೂ ಈ ಪದ್ಧತಿಯನ್ನು ಒಂದೇ ಹಜಾರದಲ್ಲಿ ನೂರಾರು ಮಕ್ಕಳನ್ನು ಕೂರಿಸಿ ಸಿಳ್ಳೆ, ಗಂಟೆಗಳ ಮೇಲೆ ನಡೆಸುವ ಕವಾಯತು ಮಾಡಿದರು. ಅಗ್ಗಕ್ಕೆ ಶಾಲೆ ನಡೆಸಬಹುದು ಎಂಬುದೇ ಅಲ್ಲಿ ಮುಖ್ಯವಾಯಿತು. ಹನ್ನೆರಡು ಮಕ್ಕಳ ಊರ ಶಾಲೆಯಲ್ಲಿ ಅಯ್ಯನವರಿಗೆ ಎಲ್ಲರ ದನಿಯೂ ಕೇಳುತ್ತಿತ್ತು. ಲ್ಯಾಂಕಾಸ್ಟರನ ಹಜಾರದಲ್ಲಿ ಯಾರ ದನಿಯೂ ಕೇಳುತ್ತಿರಲಿಲ್ಲ. ಹೊರಗಿನ ರೂಪ ಉಳಿದು ಒಳಗಿನ ಕಿವಿ ಹೋದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಯೋಗ ಬೇಕಿಲ್ಲ.

ಈಗ 1995ಕ್ಕೆ, ಎಚ್.ಡಿ. ಕೋಟೆಗೆ ಬರೋಣ. ಮೈಸೂರು ಜಿಲ್ಲೆಯ ಈ ಕಾಡಂಚಿನ ತಾಲ್ಲೂಕಿನ ಕೆಲವು ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಶಾಲೆಗೆ ಹೋಗಿ, ಅಲ್ಲಿನ ಸುತ್ತಮುತ್ತಲ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಲ್ಲಿ ಕಾರ್ಡುಗಳ ಮೂಲಕ ಕಲಿಸುವುದನ್ನು ನೋಡಿ ಬಂದರು. ಯುನಿಸೆಫ್ ಬೆಂಬಲವಿತ್ತು. ಹಿಂದಿರುಗಿ ತಾವೇ ಕೂತು ಕನ್ನಡದ ಕಾರ್ಡು ಬರೆದರು, ಹಾಡು ಕಟ್ಟಿದರು. ಹೀಗೆ ಹುಟ್ಟಿದ ‘ನಲಿ-ಕಲಿ’ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗಳಿಗೆ ಬಂತು, ಆಮೇಲೆ ಮೂರಕ್ಕೂ. ಮೇಲಿನಿಂದ ಇಳಿದ ಯೋಜನೆಗಳನ್ನೇ ಕಂಡವರಿಗೆ, ಒಂದು ತಾಲ್ಲೂಕಿನ ಮೇಷ್ಟ್ರುಗಳ ಕೈಬರಹದ ಕಾರ್ಡುಗಳು ರಾಜ್ಯದ ಪಠ್ಯವಾದದ್ದು ಅಪರೂಪದ ಸಂಗತಿ.

ನಲಿ-ಕಲಿಯಲ್ಲಿ ಅಕ್ಷರ ‘ಅ ಆ ಇ ಈ’ ಎಂದು ಶುರುವಾಗುವುದಿಲ್ಲ. ಮೊದಲ ಕಂತು ರ, ಗ, ಸ, ದ, ಅ. ಈ ಐದು ಅಕ್ಷರ ಬಂದ ದಿನವೇ ಮಗು ಸರ, ದರ, ಅಗಸ, ಅರಸ, ಗರಗಸ ಎಂದು ಪದ ಓದಬಹುದು. ವರ್ಣಮಾಲೆ ಮುಗಿಯುವವರೆಗೆ ಕಾಯಬೇಕಿಲ್ಲ. ಆಮೇಲೆ ಜ, ವ, ಮ, ಬ, ನ. ‘ವ’ವೂ ‘ಮ’ವೂ ಒಂದೇ ಕಂತಿನಲ್ಲಿ ಬರುವುದನ್ನು ಗಮನಿಸಿ, ಒಂದರ ಪಕ್ಕ ಒಂದು ಇಟ್ಟು ನೋಡಿದರೇ ಎರಡರ ವ್ಯತ್ಯಾಸ ಕಣ್ಣಿಗೆ ಕೂರುವುದು. ಗೋಡೆಯ ಮೇಲೆ ಕಲಿಕಾ ಏಣಿ. ಮಗು ತಾನೇ ಎದ್ದು ಹೋಗಿ ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ಚಿತ್ರದ ಗುರುತಿನಿಂದ ನೋಡಿ, ಅದೇ ಗುರುತಿನ ಕಾರ್ಡು ಎತ್ತಿಕೊಂಡು ಬರುತ್ತದೆ. ಮಕ್ಕಳ ಎತ್ತರಕ್ಕೆ ಗೋಡೆಯುದ್ದಕ್ಕೂ ಕಪ್ಪುಹಲಗೆ, ಒಬ್ಬೊಬ್ಬರಿಗೆ ಒಂದೊಂದು ಪಾಲು. ತಲೆಯ ಮೇಲೆ ದಾರ ಕಟ್ಟಿದ ಕಲಿಕಾ ಚಪ್ಪರ. ಮಕ್ಕಳು ಮಾಡಿದ್ದೆಲ್ಲ ಅದರಲ್ಲಿ ತೂಗಾಡುತ್ತಿರುತ್ತದೆ.

ಕೂರುವ ಬಗೆಯೇ ಇದರ ಜಾಣತನ. ಮೂಲ ಪದ್ಧತಿಯಲ್ಲಿ ಐದು ತಟ್ಟೆಗಳು. ಮೊದಲ ತಟ್ಟೆಯ ಸುತ್ತ ಕೂತವರಿಗೆ ಶಿಕ್ಷಕರ ಪೂರ್ತಿ ಸಹಾಯ, ಎರಡನೆಯದಕ್ಕೆ ಶಿಕ್ಷಕರ ಅರೆ ಸಹಾಯ, ಮೂರನೆಯದಕ್ಕೆ ಗೆಳೆಯರ ಸಹಾಯ, ನಾಲ್ಕನೆಯದಕ್ಕೆ ಗೆಳೆಯರದೂ ಅರೆ ಸಹಾಯ, ಐದನೆಯದು ಸ್ವಕಲಿಕೆ. ತಟ್ಟೆ ಮಗುವಿನ ದರ್ಜೆಯನ್ನು ಹೇಳುವುದಿಲ್ಲ. ಆ ಕಾರ್ಡಿಗೆ ಎಷ್ಟು ಸಹಾಯ ಬೇಕು ಎಂಬುದನ್ನಷ್ಟೇ ಹೇಳುತ್ತದೆ. ಹೊಸ ಅಕ್ಷರ ಕಲಿಯುವ ಕಾರ್ಡಾದರೆ ತರಗತಿಯ ಅತಿ ಚುರುಕಿನ ಹುಡುಗಿಯೂ ಮೊದಲ ತಟ್ಟೆಗೆ ಬರಬೇಕು. ಅಭ್ಯಾಸದ ಕಾರ್ಡಾದರೆ ಅತಿ ನಿಧಾನದ ಹುಡುಗನೂ ಐದಕ್ಕೆ ಹೋಗುತ್ತಾನೆ. ರಷ್ಯಾದ ಲೆವ್ ವೈಗಾಟ್‌ಸ್ಕಿ, ಮಗು ಇಂದು ಇನ್ನೊಬ್ಬರ ನೆರವಿನಿಂದ ಮಾಡಿದ್ದನ್ನು ನಾಳೆ ತಾನೇ ಮಾಡಬಲ್ಲದು ಎಂದು 1930ರ ದಶಕದಲ್ಲಿ ವಾದಿಸಿದ್ದ. ನೆರವನ್ನು ಹಂತ ಹಂತವಾಗಿ ತೆಗೆಯುವುದೇ ಕಲಿಸುವ ಕಲೆ. ಆ ಮಾತನ್ನು ಐದು ತಟ್ಟೆಯಾಗಿ ನೆಲದ ಮೇಲೆ ಇಟ್ಟದ್ದು ನಲಿ-ಕಲಿ.

ಗುಂಪನ್ನು ಮಗುವಿನ ಹಣೆಗೆ ಅಂಟಿಸಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಸಮಾಜಶಾಸ್ತ್ರಜ್ಞ ರೇ ರಿಸ್ಟ್ ಕೂತು ನೋಡಿದ. 1970ರಲ್ಲಿ ಪ್ರಕಟವಾದ ಅವನ ಅಧ್ಯಯನದಲ್ಲಿ ಶಿಶುವಿಹಾರದ ಶಿಕ್ಷಕಿ ಶಾಲೆ ಶುರುವಾದ ಎಂಟನೇ ದಿನವೇ ಮಕ್ಕಳನ್ನು ಮೂರು ಮೇಜಿಗೆ ಹಂಚಿದಳು. ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ. ಒಗೆದ ಬಟ್ಟೆ ತೊಟ್ಟ, ಶಿಷ್ಟ ಇಂಗ್ಲಿಷ್ ಮಾತಾಡುವ ಮಕ್ಕಳು ಅವಳ ಹತ್ತಿರದ ಮೇಜಿಗೆ ಬಂದರು. ಎರಡು ವರ್ಷ ಕಳೆದು ಎರಡನೇ ತರಗತಿಗೆ ಬಂದಾಗಲೂ ಹಂಚಿಕೆ ಹೆಚ್ಚುಕಡಿಮೆ ಹಾಗೇ ಇತ್ತು, ಹೆಸರು ಮಾತ್ರ ಹೊಸದು: ಮೇಲಿನ ಗುಂಪು ‘ಹುಲಿಗಳು’, ಕೆಳಗಿನದು ‘ಕೋಡಂಗಿಗಳು’. ನಾವು ‘ಜಾಣರ ಸಾಲು’, ‘ದಡ್ಡರ ಬೆಂಚು’ ಎಂದು ನೇರವಾಗಿಯೇ ಹೇಳಿ ಮುಗಿಸುತ್ತೇವೆ. ‘ಗುಲಾಬಿ ಗುಂಪು’, ‘ಮಲ್ಲಿಗೆ ಗುಂಪು’ ಎಂದು ಹೆಸರಿಟ್ಟರೂ ಮಕ್ಕಳಿಗೆ ಒಂದು ವಾರದೊಳಗೆ ಗುಟ್ಟು ಗೊತ್ತಾಗಿರುತ್ತದೆ. ಮದ್ದು ಹೆಸರಿನಲ್ಲಿಲ್ಲ, ಆಗಾಗ ಓದಿಸಿ ನೋಡಿ ಗುಂಪು ಕಲಸುವುದರಲ್ಲಿದೆ. ‘ಪ್ರಥಮ್’ ಸಂಸ್ಥೆಯವರ ಅಳತೆಗೋಲು ಈ ಮಟ್ಟಿಗೆ ಬಹಳ ಉಪಯುಕ್ತ: ಅಕ್ಷರ, ಪದ, ಸಣ್ಣ ಪ್ಯಾರಾ, ಕಥೆ ಇಷ್ಟೇ ಇರುವ ಒಂದು ಹಾಳೆ. ಒಂದು ಮಗುವಿಗೆ ಕೆಲವೇ ನಿಮಿಷ ಸಾಕು. ಯಾವ ತರಗತಿ ಎಂದು ನೋಡದೆ, ಎಲ್ಲಿಯವರೆಗೆ ಓದುತ್ತದೆ ಎಂಬುದನ್ನು ನೋಡಿ ಗುಂಪು ಮಾಡುತ್ತಾರೆ.

ಇದೇ ಪ್ರಥಮ್ 2000ದ ದಶಕದ ಮೊದಲಲ್ಲಿ ಮುಂಬೈ ಮತ್ತು ವಡೋದರಾದ ನಗರಪಾಲಿಕೆ ಶಾಲೆಗಳಲ್ಲಿ ‘ಬಾಲಸಖಿ’ ನಡೆಸಿತು. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳನ್ನು ದಿನಕ್ಕೆ ಎರಡು ತಾಸು ಪಕ್ಕಕ್ಕೆ ಕರೆದು, ಅದೇ ಬಡಾವಣೆಯ ಯುವತಿಯೊಬ್ಬಳು ಚಿಕ್ಕ ಗುಂಪಿನಲ್ಲಿ ಕಲಿಸುವುದು. ಮುಂದೆ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಇದನ್ನು ಅಳೆದರು. ಗುಂಪಿಗೆ ಹೋದ ಮಕ್ಕಳು ಚೆನ್ನಾಗಿ ಸುಧಾರಿಸಿದ್ದರು. ನನಗೆ ಇದಕ್ಕಿಂತ ಹೆಚ್ಚು ಕುತೂಹಲ ಎನಿಸುವುದು ಅದೇ ಅಧ್ಯಯನದ ಇನ್ನೊಂದು ತುದಿ. ಆ ಎರಡು ತಾಸು ಮೂಲ ತರಗತಿಯಲ್ಲಿ ಉಳಿದ ಮಕ್ಕಳಿಗೂ ಕೋಣೆ ಖಾಲಿಯಾಗಿತ್ತು, ಮೇಷ್ಟ್ರ ಎದುರು ತಲೆಗಳು ಕಡಿಮೆಯಾಗಿದ್ದವು. ಆದರೂ ಅವರ ಕಲಿಕೆಯಲ್ಲಿ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ. ಸಂಖ್ಯೆ ಇಳಿದರೂ ಪಾಠ ಹೇಳುವ ರೀತಿ ಹಳೆಯದೇ ಆಗಿದ್ದರೆ ಲಾಭವಿಲ್ಲ.

ಇನ್ನು ಟೀಚರ ಹತ್ತಿರ ಇಲ್ಲದ ಮಕ್ಕಳ ಸಂಗತಿ. ಇಡೀ ಏರ್ಪಾಟು ಮುರಿದು ಬೀಳುವುದು ಇಲ್ಲೇ. ನಾಲ್ಕು ಮೂಲೆ, ಒಂದೊಂದಕ್ಕೆ ಇಪ್ಪತ್ತು ನಿಮಿಷ ಎಂದಿಟ್ಟುಕೊಳ್ಳಿ. ಮಗು ಟೀಚರ ಬಳಿ ಇರುವುದು ಇಪ್ಪತ್ತು ನಿಮಿಷ, ಇಲ್ಲದೇ ಇರುವುದು ಅರವತ್ತು. ಆ ಅರವತ್ತು ನಿಮಿಷ ಬಣ್ಣ ತುಂಬಿಸುತ್ತ, ‘ಗರಗಸ’ ಪದವನ್ನು ಹತ್ತು ಸಲ ನಕಲು ಮಾಡುತ್ತ ಕಳೆದರೆ ಹಳೆಯ ಸಾಮೂಹಿಕ ಓದೇ ವಾಸಿ. ಇಂಗ್ಲಿಷ್ ಮಾತಾಡುವ ದೇಶಗಳ ಶಾಲೆಗಳಲ್ಲಿ ಮೂಲೆಗಳ ಪದ್ಧತಿಯನ್ನು ಟೀಕಿಸುವವರು ಬೆರಳಿಟ್ಟು ತೋರಿಸುವುದೂ ಈ ಲೆಕ್ಕವನ್ನೇ, ಅವರ ಮಾತಿನಲ್ಲಿ ಹುರುಳಿದೆ. ಆದ್ದರಿಂದ ಮೂಲೆಯ ಕೆಲಸಕ್ಕೆ ಒಂದು ಗುಣ ಇರಲೇಬೇಕು: ಸರಿಯೋ ತಪ್ಪೋ ಎಂದು ಅದು ತಾನೇ ಹೇಳಬೇಕು. ಪದದ ಕಾರ್ಡು, ಹಿಂದೆ ಚಿತ್ರ. ಓದಿ, ತಿರುಗಿಸಿ, ಗೊತ್ತುಮಾಡಿಕೊಳ್ಳುವುದು. ಅರ್ಧಕ್ಕೆ ಕತ್ತರಿಸಿದ ಪದಗಳು, ‘ಅಗ’ ಒಂದು ಕಡೆ ‘ಸ’ ಇನ್ನೊಂದು ಕಡೆ, ಅಂಚು ಕೂಡಿದರಷ್ಟೇ ಜೋಡಿ. ಮಗು ಎದ್ದು ಬಂದು ‘ಮಿಸ್, ಇದು ಸರೀನಾ?’ ಎಂದು ಕೇಳಬೇಕಾದ ಚಟುವಟಿಕೆ ಮೂಲೆಗೆ ಲಾಯಕ್ಕಲ್ಲ. ಹಾಗೆ ಎರಡು ಸಲ ಕೇಳಿದರೆ ಟೀಚರ ಕಿವಿ ಗುಂಪಿನಿಂದ ಹೋಯಿತು.

ಗೆಳೆಯರ ಸಹಾಯಕ್ಕೂ ಒಂದು ಷರತ್ತಿದೆ. ಗುಂಪಿನಲ್ಲಿ ಮಕ್ಕಳು ಒಬ್ಬರಿಗೊಬ್ಬರು ಹೇಗೆ ನೆರವಾಗುತ್ತಾರೆ ಎಂದು ಬಹುಕಾಲ ಅಧ್ಯಯನ ಮಾಡಿದ ನೊರೀನ್ ವೆಬ್ ಕಂಡದ್ದು: ಬಿಡಿಸಿ ಹೇಳಿದಾಗ ಹೇಳಿದವರಿಗೆ ನಿಶ್ಚಿತ ಲಾಭ, ಬರೀ ಉತ್ತರ ದಾಟಿಸಿದರೆ ಇಬ್ಬರಿಗೂ ಏನಿಲ್ಲ. ಏಳು ವರ್ಷದ ಜಾಣೆ ಸಹಜವಾಗಿ ಮಾಡುವುದು ಎರಡನೆಯದನ್ನೇ, ಪಕ್ಕದವನ ಕೈಯಿಂದ ಪೆನ್ಸಿಲು ಕಿತ್ತುಕೊಂಡು ತಾನೇ ಬರೆದುಬಿಡುತ್ತಾಳೆ. ‘ಹೇಳ್ಬೇಡ, ತೋರಿಸು’ ಎಂದು ಅವಳಿಗೆ ಕಲಿಸಬೇಕಾಗುತ್ತದೆ. ಜೂನ್ ತಿಂಗಳಿಡೀ ಬರೀ ಇದಕ್ಕೇ, ಕಾರ್ಡು ಎತ್ತುವುದಕ್ಕೆ, ಇಡುವುದಕ್ಕೆ, ಪಿಸುದನಿಯಲ್ಲಿ ಮಾತಾಡುವುದಕ್ಕೆ ಹೋದರೂ ಅದು ವ್ಯರ್ಥ ಕಾಲವಲ್ಲ. ಈ ಒಂದು ತಿಂಗಳನ್ನು ಉಳಿಸಲು ಹೋದವರು ವರ್ಷವಿಡೀ ‘ಸೈಲೆನ್ಸ್!’ ಕೂಗುತ್ತಾರೆ.

ನಲಿ-ಕಲಿ ಎಲ್ಲೆಡೆಯೂ ಕಾಗದದ ಮೇಲಿದ್ದಂತೆ ನಡೆದಿಲ್ಲ. ಪ್ರತಿ ಮಗುವಿನ ಮುನ್ನಡೆ ದಾಖಲಿಸುವ ‘ಪ್ರಗತಿ ನೋಟ’ ತುಂಬುವುದು, ಹರಿದ ಕಾರ್ಡಿಗೆ ಬದಲಿ ಹೊಂದಿಸುವುದು, ಇಲಾಖೆಗೆ ಅಂಕಿ ಅಂಶ ಕಳಿಸುವುದು ಎಲ್ಲ ಕೂಡಿ, ಕೇಳಿಸಿಕೊಳ್ಳಲು ಮಾಡಿದ ಪದ್ಧತಿಯಲ್ಲಿ ಕೇಳಿಸಿಕೊಳ್ಳಲು ಪುರುಸೊತ್ತು ಕಡಿಮೆಯಾಯಿತು ಎಂಬುದು ಶಿಕ್ಷಕರ ಬಾಯಲ್ಲಿ ಬಹಳ ಸಲ ಬರುವ ದೂರು. ತಂದೆತಾಯಿಯರದು ಇನ್ನೊಂದು: ‘ಆಟ ಆಡಿಸಿ ಕಳಿಸ್ತಾರೆ, ಬೋರ್ಡ್ ಮೇಲೆ ಬರ್ಸೋದೇ ಇಲ್ಲ.’ ಮೊದಲನೆಯ ದೂರು ನ್ಯಾಯವಾದದ್ದು, ಅದಕ್ಕೆ ಉತ್ತರ ಕೊಡಬೇಕಾದದ್ದು ಇಲಾಖೆ. ಎರಡನೆಯದಕ್ಕೆ ತಾಯಿಯೊಬ್ಬಳನ್ನು ಮೊದಲ ತಟ್ಟೆಯ ಪಕ್ಕ ಹತ್ತು ನಿಮಿಷ ಕೂರಿಸಿಕೊಂಡರೆ ಸಾಕು. ತನ್ನ ಮಗ ಒಬ್ಬನೇ ಓದುವುದನ್ನು ಆಕೆ ಅಲ್ಲಿ ಕೇಳುತ್ತಾಳೆ.

ದೊಡ್ಡ ಬಿರುಕು ಇರುವುದು ನಾಲ್ಕನೇ ತರಗತಿಯ ಹೊಸ್ತಿಲಲ್ಲಿ. ಮೂರು ವರ್ಷ ತಾನೇ ಕಾರ್ಡು ಆರಿಸಿಕೊಂಡ ಮಗು ಜೂನ್ ಒಂದರಂದು ಬೆಂಚಿನ ಮೇಲೆ, ಒಂದೇ ಪುಸ್ತಕ ಹಿಡಿದು, ಮತ್ತೆ ಸಾಮೂಹಿಕ ಓದಿಗೆ ಬರುತ್ತದೆ. ಒತ್ತಕ್ಷರ ಇನ್ನೂ ಗಟ್ಟಿಯಾಗದವರು ಮರೆಯಾಗುವುದು ಆಗಲೇ, ಏಕೆಂದರೆ ಅಲ್ಲಿಂದ ಮುಂದೆ ಎಲ್ಲರಿಗೂ ಓದಲು ಬರುತ್ತದೆ ಎಂದುಕೊಂಡೇ ಸಮಾಜ, ವಿಜ್ಞಾನ, ಗಣಿತದ ಪಾಠಗಳು ನಡೆಯುತ್ತವೆ. ಇದಕ್ಕೆ ತಟ್ಟೆ, ಚಪ್ಪರ, ಏಣಿ ಯಾವುದೂ ಬೇಕಾಗಿಲ್ಲ. ಕನ್ನಡದ ಪೀರಿಯಡ್ಡಿನಲ್ಲಿ ದಿನಕ್ಕೆ ಹದಿನೈದು ನಿಮಿಷ ಐದು ಮಕ್ಕಳನ್ನು ಮೇಜಿನ ಬಳಿ ಕರೆದು, ಉಳಿದವರ ಕೈಗೆ ಶಾಲಾ ಗ್ರಂಥಾಲಯದ ಬೀರುವಿನಿಂದ ಪುಸ್ತಕ ತೆಗೆದುಕೊಟ್ಟರೆ, ಮೂವತ್ತು ಮಕ್ಕಳ ಸರದಿ ಶಾಲೆಯ ಆರು ದಿನಗಳಲ್ಲಿ ಒಂದು ಸುತ್ತು ಬರುತ್ತದೆ. ಹೆಸರಿನ ಮುಂದೆ ‘ವು–ಮ’, ‘ಒತ್ತು ಬಿಡುತ್ತಾಳೆ’, ‘ಚಿತ್ರ ನೋಡಿ ಹೇಳುತ್ತಾನೆ’ ಎಂದು ಗುರುತು ಹಾಕಿಕೊಳ್ಳಲು ಒಂದು ನೋಟ್‌ಬುಕ್ಕು ಸಾಕು. ಬೀರುವಿಗೆ ಬೀಗ ಹಾಕಿ ಬೀಗದ ಕೈಯನ್ನು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಇಡುವ ಪದ್ಧತಿ ಮಾತ್ರ ಮೊದಲು ನಿಲ್ಲಬೇಕು.